ಹಳೆಯ ಆರ್‌ಪಿಜಿಗಳ ಅಂತಿಮ ಬಾಸ್ ಸಂಗೀತ: ಯಾವುದು ಉಳಿಯಿತು, ಏಕೆ ಉಳಿಯಿತು?

ಎಂಟನೆಯ ಚಾನೆಲ್:

ಈ ವಿಷಯದ ಮೇಲೆ ಪಟ್ಟಿಗಳಿಗೇನೂ ಬರವಿಲ್ಲ. ಮೊದಲ ಹತ್ತು, ಮೊದಲ ಇಪ್ಪತ್ತು ಎಂದು ಸಾಲುಸಾಲಾಗಿ ಸಿಗುತ್ತವೆ. ಆದರೆ ಒಂದು ರಚನೆ ಆ ಪಟ್ಟಿಯಲ್ಲಿ ಏಕಿದೆ ಎಂದು ಕೇಳಿದರೆ ‘ಮೈ ಜುಮ್ಮೆನ್ನುತ್ತದೆ’ ಎಂಬಲ್ಲಿಗೆ ವಿವರಣೆ ಮುಗಿದುಹೋಗುತ್ತದೆ. ಆದ್ದರಿಂದ ಇಲ್ಲಿ ಪಟ್ಟಿ ಬೇಡ, ಕಾರಣಗಳನ್ನು ಹೇಳೋಣ ಎಂಬುದು ನನ್ನ ಕೋರಿಕೆ.

ನನ್ನ ವಾದವನ್ನು ಮೊದಲೇ ಇಟ್ಟುಬಿಡುತ್ತೇನೆ. ಆರ್‌ಪಿಜಿಯಲ್ಲಿ, ಅಂದರೆ ಪಾತ್ರಗಳನ್ನು ವಹಿಸಿಕೊಂಡು ಉದ್ದದ ಕಥೆಯೊಂದನ್ನು ಆಡುವ ವೀಡಿಯೊ ಗೇಮ್‌ನಲ್ಲಿ, ಅಂತಿಮ ಬಾಸ್ ಎನ್ನುವ ಕೊನೆಯ ಶತ್ರುವಿನ ಕಾಳಗಕ್ಕೆ ಸಂಗೀತ ಬರೆಯುವವರಿಗೆ ಎರಡು ತೊಡಕುಗಳಿವೆ, ಸಿನಿಮಾದ ಸಂಗೀತ ನಿರ್ದೇಶಕರಿಗೆ ಅವೆರಡೂ ಇಲ್ಲ. ಮೊದಲನೆಯದು, ಕಾಳಗ ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಲೆವೆಲ್‌ಗಳನ್ನು ಚೆನ್ನಾಗಿ ಏರಿಸಿಕೊಂಡು ಬಂದವರು ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಇನ್ನೊಬ್ಬರು ಉಳಿದ ಔಷಧಗಳನ್ನು ಲೆಕ್ಕ ಹಾಕುತ್ತಾ, ಸತ್ತವರನ್ನು ಎಬ್ಬಿಸುತ್ತಾ ಮುಕ್ಕಾಲು ಗಂಟೆ ಹೆಣಗಬಹುದು. ಎರಡನೆಯದು, ಆ ಹೊತ್ತಿನ ಬಹುಪಾಲು ಆಟಗಾರರು ಮಾಡುವ ಕೆಲಸವೆಂದರೆ ಮೆನು ಓದುವುದು, ಅಂದರೆ ಮುಂದಿನ ಏಟನ್ನೋ ಮಂತ್ರವನ್ನೋ ಪಟ್ಟಿಯಿಂದ ಆಯ್ದುಕೊಳ್ಳುವುದು. ತೆರೆಯ ಮೇಲೆ ನಮ್ಮವರು ಒಂದು ಬದಿಯಲ್ಲಿ, ಶತ್ರು ಇನ್ನೊಂದು ಬದಿಯಲ್ಲಿ ಸುಮ್ಮನೆ ನಿಂತಿರುತ್ತಾರೆ. ಆ ನಿಂತ ಚಿತ್ರಕ್ಕೆ ಜೀವ ಬರಬೇಕಾದರೆ ಅದು ಕಿವಿಯ ಮೂಲಕವೇ ಬರಬೇಕು. ಈ ಎರಡು ತೊಡಕುಗಳನ್ನು ಯಾರು ಹೇಗೆ ಬಿಡಿಸಿದರು ಎಂದು ನೋಡಿದರೆ, ಯಾವ ಸಂಗೀತ ಏಕೆ ಉಳಿಯಿತು ಎಂಬುದೂ ಗೊತ್ತಾಗುತ್ತದೆ.

ನನ್ನ ಆಯ್ಕೆ 1994ರಲ್ಲಿ ನಿಂಟೆಂಡೊದ ಆಟದ ಯಂತ್ರ ಸೂಪರ್ ಫ್ಯಾಮಿಕಾಮ್‌ಗೆ ಬಂದ ‘ಫೈನಲ್ ಫ್ಯಾಂಟಸಿ 6’ರ ‘ಡಾನ್ಸಿಂಗ್ ಮ್ಯಾಡ್’. ನೊಬುವೊ ಉಯೆಮಾಟ್ಸು ಬರೆದ ಈ ರಚನೆ ಸೌಂಡ್‌ಟ್ರ್ಯಾಕ್ ಡಿಸ್ಕಿನಲ್ಲಿ ಸುಮಾರು 17 ನಿಮಿಷ ಇದೆ. ಆ ಕಾಲದ ಆಟಗಳಲ್ಲಿ ಕಾಳಗದ ಸಂಗೀತ ಒಂದೆರಡು ನಿಮಿಷಕ್ಕೆ ಸುತ್ತು ಹೊಡೆದು ಮೊದಲಿಗೇ ಬರುತ್ತಿತ್ತು ಎಂಬುದನ್ನು ನೆನೆದರೆ ಇದರ ಧೈರ್ಯ ತಿಳಿಯುತ್ತದೆ. ಆ ಯಂತ್ರದ ಧ್ವನಿ ಚಿಪ್‌ನಲ್ಲಿದ್ದದ್ದು ಎಂಟೇ ಚಾನೆಲ್‌ಗಳು, ಅಂದರೆ ಒಮ್ಮೆಗೆ ಎಂಟೇ ದನಿಗಳು, ಜೊತೆಗೆ 64 ಕಿಲೋಬೈಟ್ ಸ್ಮೃತಿ. ವಾದ್ಯಗಳ ಸ್ಯಾಂಪಲ್‌ಗಳೂ (ಮುದ್ರಿಸಿಕೊಂಡ ದನಿಯ ಚೂರುಗಳೂ) ಸ್ವರಗಳ ಮಾಹಿತಿಯೂ ಅಷ್ಟರೊಳಗೇ ಹಿಡಿಸಬೇಕು. ಕತ್ತಿಯ ಏಟು, ಸಿಡಿಲಿನ ಮಂತ್ರ ಇವುಗಳ ಸದ್ದಿಗೂ ಆ ಎಂಟರಲ್ಲೇ ಪಾಲು ಕೊಡಬೇಕು.

ಈಗ ಕಾಳಗವನ್ನು ನೋಡಿ. ಕೆಫ್ಕಾ ವಿದೂಷಕನ ವೇಷದ ಮಾಂತ್ರಿಕ. ಆಟದ ನಡುವೆಯೇ ಲೋಕವನ್ನು ಹಾಳುಗೆಡವಿ ತಾನೇ ದೇವರಾಗಿ ಕುಳಿತವನು. ಅವನನ್ನು ಮುಟ್ಟಲು ಒಂದರ ಮೇಲೊಂದು ಪೇರಿಸಿದಂತಿರುವ ವಿಕಾರ ದೇಹಗಳ ಮೂರು ಅಂತಸ್ತುಗಳನ್ನು ದಾಟಬೇಕು. ಒಂದು ಅಂತಸ್ತು ಸೋತ ಕೂಡಲೇ ನೋಟ ಮೇಲಕ್ಕೆ ಸರಿಯುತ್ತದೆ, ಸಂಗೀತವೂ ಮುಂದಿನ ಭಾಗಕ್ಕೆ ಸರಿಯುತ್ತದೆ. ಮೂರನೆಯ ಅಂತಸ್ತಿನ ಆಕೃತಿಗಳು ಮೈಕೆಲ್ಯಾಂಜೆಲೊನ ‘ಪಿಯೆಟಾ’ ಶಿಲ್ಪವನ್ನು ನೆನಪಿಸುವಂತಿವೆ. ಅಲ್ಲಿ ಅಬ್ಬರವೆಲ್ಲ ಇಳಿದು ಚರ್ಚಿನ ಆರ್ಗನ್ ಕೇಳಿಸುತ್ತದೆ. ಕೊನೆಗೆ ರೆಕ್ಕೆಗಳೊಂದಿಗೆ ಕೆಫ್ಕಾನೇ ಕಾಣಿಸಿಕೊಂಡಾಗ ಅದೇ ಆರ್ಗನ್ ಎಪ್ಪತ್ತರ ದಶಕದ ಪ್ರೊಗ್ರೆಸಿವ್ ರಾಕ್‌ನ ಓಟ ಹಿಡಿಯುತ್ತದೆ. ಆಟ ಶುರುವಾಗುವಾಗ ಕೇಳಿದ್ದ ಆರ್ಗನ್ ಸ್ವರಗಳು, ನಡುವೆ ಕೆಫ್ಕಾ ಬಂದಾಗಲೆಲ್ಲ ಕೇಳಿಸುತ್ತಿದ್ದ ಆ ತಮಾಷೆಯ ನಡಿಗೆಯ ರಾಗ, ಎರಡೂ ಇದರೊಳಗೆ ಬಾಗಿ ಬಳುಕಿ ಮತ್ತೆ ಬರುತ್ತವೆ. ನಗು ಬರಿಸುತ್ತಿದ್ದ ರಾಗ ಇಲ್ಲಿ ಹೆದರಿಸುತ್ತದೆ.

ಅವಧಿಯ ತೊಡಕನ್ನು ಉಯೆಮಾಟ್ಸು ಬಿಡಿಸಿದ ಬಗೆ ಇದು: ಪ್ರತಿ ಭಾಗವೂ ತನ್ನಲ್ಲೇ ಸುತ್ತುತ್ತಿರುತ್ತದೆ, ಭಾಗದಿಂದ ಭಾಗಕ್ಕೆ ದಾಟಿಸುವ ಕೀಲಿ ಮಾತ್ರ ಆಟಗಾರರ ಕೈಯಲ್ಲಿರುತ್ತದೆ. ನಿಮ್ಮ ಆಯ್ಕೆ ಯಾವುದು, ಕಾರಣವೇನು?

ಕಡಲತಡಿಯ ಕೇಳುಗ:

ನಿಮ್ಮ ಮಾತು ಓದುತ್ತಿದ್ದಂತೆ ನನಗೆ ಯಕ್ಷಗಾನದ ಭಾಗವತರು ನೆನಪಾದರು. ವೇಷಧಾರಿಯ ಕುಣಿತ ಮುಗಿಯುವವರೆಗೆ ಭಾಗವತರು ಪದ್ಯದ ಅದೇ ಸಾಲನ್ನು ಎಷ್ಟು ಸಲ ಬೇಕಾದರೂ ಎತ್ತಿಕೊಳ್ಳುತ್ತಾರೆ. ಬಣ್ಣದ ವೇಷ ರಂಗಕ್ಕೆ ಬರುವಾಗ ಚೆಂಡೆಯವರಿಗೂ ಅದು ಎಷ್ಟು ಹೊತ್ತು ಎಂಬ ಲೆಕ್ಕ ಮೊದಲೇ ಇರುವುದಿಲ್ಲ. ಆದರೆ ಹೋಲಿಕೆ ನಿಲ್ಲುವುದು ಅಲ್ಲಿಗೇ. ಭಾಗವತರ ಕಣ್ಣು ವೇಷದ ಮೇಲಿರುತ್ತದೆ, ಆತ ದಣಿದದ್ದನ್ನು ಕಂಡು ಅವರು ಲಯ ಬದಲಿಸಬಲ್ಲರು. ಚಿಪ್‌ಗೆ ಆ ಕಣ್ಣಿಲ್ಲ. ನನ್ನ ತಂಡದ ಮೂವರು ಬಿದ್ದು ಒಬ್ಬಳೇ ನಿಂತಿರುವಾಗಲೂ ಅದು ಮೊದಲ ನಿಮಿಷದ ಉತ್ಸಾಹದಲ್ಲೇ ನುಡಿಯುತ್ತಿರುತ್ತದೆ.

ಆದ್ದರಿಂದ ‘ಡಾನ್ಸಿಂಗ್ ಮ್ಯಾಡ್’ನ ದೊಡ್ಡತನ ಅದರ ಉದ್ದದಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಉದ್ದ ಹೆಚ್ಚಿದಷ್ಟೂ ಆಟಗಾರರು ಅದರ ಮಧ್ಯದಲ್ಲೇ ಗೆದ್ದುಬಿಡುವ ಅಪಾಯ ಹೆಚ್ಚು. ಚೆನ್ನಾಗಿ ತಯಾರಾಗಿ ಹೋದವರು ನಾಲ್ಕನೆಯ ಭಾಗದ ಅರ್ಧವನ್ನೂ ಕೇಳದೆ ಆಟ ಮುಗಿಸುತ್ತಾರೆ. ಶ್ರಮವಹಿಸಿ ಲೆವೆಲ್ ಏರಿಸಿದ್ದಕ್ಕೆ ಸಿಗುವ ಬಹುಮಾನ ಅರ್ಧ ಸಂಗೀತ. ಇದು ನ್ಯಾಯವೇ ಎಂದು ಯಾರಾದರೂ ಹೇಳಬೇಕು.

ಮೂರು ಡಿಸ್ಕ್:

‘ಫೈನಲ್ ಫ್ಯಾಂಟಸಿ 7’ರ ‘ಒನ್ ವಿಂಗ್ಡ್ ಏಂಜೆಲ್’ ಹೆಸರನ್ನು ಯಾರೂ ಎತ್ತದಿರುವುದು ಬೇಕೆಂದೇ ಮಾಡಿದ ಮೌನ ಎಂದು ಭಾವಿಸುತ್ತೇನೆ. ಅದು ಅತಿಯಾಗಿ ಹೊಗಳಿಸಿಕೊಂಡಿದೆ ಎಂಬ ಆಕ್ಷೇಪ ಹೊಸದೇನಲ್ಲ. ಆದರೂ ಅದರ ಪರವಾಗಿ ಹೇಳಬೇಕಾದದ್ದು ಬಹಳವಿದೆ.

1997ರ ಪ್ಲೇಸ್ಟೇಷನ್‌ನಲ್ಲಿ ಆಟ ಸಿ.ಡಿ.ಯಲ್ಲಿ ಬರುತ್ತಿತ್ತು, ಆದ್ದರಿಂದ ಇಡೀ ಹಾಡನ್ನೇ ಧ್ವನಿಮುದ್ರಿಸಿ ಹಾಕಬಹುದಿತ್ತು. ಈ ಆಟದ ಸಂಗೀತ ಬಹುಮಟ್ಟಿಗೆ ಹಾಗಿಲ್ಲ. ಯಂತ್ರದ 24 ಚಾನೆಲ್‌ಗಳ ಧ್ವನಿ ಚಿಪ್ಪೇ ಅದನ್ನು ಆ ಕ್ಷಣದಲ್ಲಿ ನುಡಿಸುತ್ತದೆ. ಹೀಗಿದ್ದೂ ಕೊನೆಯ ಕಾಳಗಕ್ಕೆ ಬಂದಾಗ ನಿಜವಾದ ಮನುಷ್ಯರ ಕೊರಳುಗಳು ಕೇಳಿಸುತ್ತವೆ. ಸಣ್ಣ ಗಾಯನವೃಂದವೊಂದರಿಂದ ಹಾಡಿಸಿ, ಅದನ್ನು ತುಂಡುತುಂಡಾಗಿ ಸ್ಯಾಂಪಲ್ ಮಾಡಿ, ಮಿಕ್ಕ ವಾದ್ಯಗಳ ಜೊತೆ ಪೋಣಿಸಿದ್ದಾರೆ. ಮುಂದೆ ‘ಫೈನಲ್ ಫ್ಯಾಂಟಸಿ’ ಸರಣಿಗೇ ಸಂಗೀತ ಕೊಟ್ಟ ಮಸಾಶಿ ಹಮಾವುಜು ಆ ವೃಂದದಲ್ಲಿ ಮಂದ್ರ ಕಂಠದ ಗಾಯಕರಲ್ಲೊಬ್ಬರಾಗಿದ್ದರು. ಹತ್ತಾರು ಗಂಟೆಗಳ ಕಾಲ ಸಿಂಥ್‌ನ ದನಿಗಳನ್ನೇ ಕೇಳಿ ಹೊಂದಿಕೊಂಡ ಕಿವಿಗೆ, ಕೊನೆಯ ಗಳಿಗೆಯಲ್ಲಿ ಏಕಾಏಕಿ ಲ್ಯಾಟಿನ್ ಕೋರಸ್ ಬಂದು ಶತ್ರುವಿನ ಹೆಸರನ್ನೇ ಕೂಗುವುದು ಎಂತಹ ಆಘಾತ ಎಂಬುದನ್ನು, ಈ ಹಾಡನ್ನು ಮೊದಲು ಯೂಟ್ಯೂಬ್‌ನಲ್ಲಿ ಕೇಳಿದವರಿಗೆ ವಿವರಿಸುವುದು ಕಷ್ಟ.

ಇನ್ನೊಂದು ಮಾತು. ಬೇರೆ ಬೇರೆ ದಿನ ತೋಚಿದ ಸಣ್ಣ ಸಣ್ಣ ತುಣುಕುಗಳನ್ನು ಬರೆದಿಟ್ಟುಕೊಂಡು, ಕೊನೆಗೆ ಅವುಗಳನ್ನು ಜೋಡಿಸಿ ಈ ರಚನೆ ಮಾಡಿದ್ದಾಗಿ ಉಯೆಮಾಟ್ಸು ಅವರೇ ಹೇಳಿದ್ದಾರೆ. ಸ್ಟ್ರಾವಿನ್‌ಸ್ಕಿಯ ‘ದಿ ರೈಟ್ ಆಫ್ ಸ್ಪ್ರಿಂಗ್’ ಇದಕ್ಕೆ ಪ್ರೇರಣೆ. ಕೇಳುವಾಗ ಒಂದು ತುಣುಕಿನಿಂದ ಇನ್ನೊಂದಕ್ಕೆ ಯಾವ ಸಂಕೋಚವೂ ಇಲ್ಲದೆ ಜಿಗಿಯುವುದಕ್ಕೆ ಇದೇ ಕಾರಣ. ಎಂಟನೆಯ ಚಾನೆಲ್ ಅವರೇ, ನೀವು ಹೇಳಿದ ಅವಧಿಯ ತೊಡಕಿಗೆ ಇದೂ ಒಂದು ಉತ್ತರವಲ್ಲವೇ? ಮೊದಲಿನಿಂದಲೂ ತುಣುಕುಗಳಿಂದಲೇ ಆದ ಸಂಗೀತ ಎಲ್ಲಿ ನಿಂತರೂ ಅಪೂರ್ಣ ಎನಿಸುವುದಿಲ್ಲ.

ಎಂಟನೆಯ ಚಾನೆಲ್:

ತುಣುಕುಗಳ ಕುರಿತ ಮಾತು ಗಟ್ಟಿಯಾಗಿದೆ, ಒಪ್ಪುತ್ತೇನೆ. ಆದರೆ ನನ್ನ ತಕರಾರು ಬೇರೆ ಕಡೆ ಇದೆ. ಆ ಲ್ಯಾಟಿನ್ ಸಾಲುಗಳಲ್ಲಿ ಹೆಚ್ಚಿನವು ‘ಕಾರ್ಮಿನಾ ಬುರಾನಾ’ ಎಂಬ ಮಧ್ಯಯುಗದ ಪದ್ಯಸಂಗ್ರಹದಿಂದ ಬಂದವು. ಕಾರ್ಲ್ ಓರ್ಫ್ ಅದೇ ಸಂಗ್ರಹದ ಪದ್ಯಗಳಿಗೆ ರಾಗ ಕಟ್ಟಿ 1937ರಲ್ಲಿ ಪ್ರಸಿದ್ಧಗೊಳಿಸಿದ್ದರು. ‘ಒಳಗೆ ಉಗ್ರ ಕೋಪದಿಂದ ಕುದಿಯುತ್ತಾ’ ಎಂಬ ಅರ್ಥದ ಮೊದಲ ಸಾಲು ಆ ಆಟದ ಕೊನೆಯ ಶತ್ರು ಸೆಫಿರಾತ್‌ನಿಗೂ ಒಗ್ಗುತ್ತದೆ, ಇನ್ನಾವ ಖಳನಿಗೂ ಒಗ್ಗುತ್ತದೆ. ಕೆಫ್ಕಾನ ಸಂಗೀತವನ್ನು ಇನ್ನೊಂದು ಆಟಕ್ಕೆ ಒಯ್ದರೆ ಅದರ ಅರ್ಧ ಅರ್ಥ ಕಳೆದುಹೋಗುತ್ತದೆ. ಇದನ್ನು ಎಲ್ಲಿಗೆ ಒಯ್ದರೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಇದನ್ನು ಗುಣ ಎನ್ನುವವರೂ ಇರಬಹುದು.

ಮೆನು ಓದುವ ತೊಡಕಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಜಪಾನಿನ ಹೊರಗೆ ಬಂದ ಆವೃತ್ತಿಯಲ್ಲಿ ಸೆಫಿರಾತ್‌ನ ‘ಸೂಪರ್ ನೋವಾ’ ದಾಳಿಯ ದೃಶ್ಯ ಸುಮಾರು ಎರಡು ನಿಮಿಷ ನಡೆಯುತ್ತದೆ: ಧೂಮಕೇತು ಬರುತ್ತದೆ, ಗ್ರಹಗಳು ಒಡೆಯುತ್ತವೆ, ಸೂರ್ಯ ಉಬ್ಬುತ್ತಾನೆ. ಅಷ್ಟೂ ಹೊತ್ತು ನಾವು ಕೈಕಟ್ಟಿ ಕೂರಬೇಕು. ಅದೇ ದಾಳಿ ಎರಡನೆಯ ಸಲ, ಮೂರನೆಯ ಸಲ ಬಂದಾಗಲೂ ನಮ್ಮನ್ನು ಕುರ್ಚಿಯಲ್ಲಿ ಹಿಡಿದಿಡುವುದು ಆ ಕೋರಸ್ ಒಂದೇ. ಅಷ್ಟರ ಮಟ್ಟಿಗೆ ಮೂರು ಡಿಸ್ಕ್ ಅವರ ಪಕ್ಷಕ್ಕೆ ನನ್ನ ಮತವಿದೆ.

ನೀರವ:

ಇಲ್ಲಿಯವರೆಗಿನ ಚರ್ಚೆಯೆಲ್ಲ ಆರ್ಗನ್, ಕೋರಸ್, ಅಬ್ಬರ ಇವುಗಳ ಸುತ್ತಲೇ ಇದೆ. ಕೊನೆಯ ಕಾಳಗವೆಂದರೆ ಸದ್ದು ಹೆಚ್ಚಲೇಬೇಕು ಎಂಬ ನಿಯಮವನ್ನು 1989ರಲ್ಲೇ ಮುರಿದ ಆಟವೊಂದಿದೆ. ಸೂಪರ್ ಫ್ಯಾಮಿಕಾಮ್‌ಗಿಂತ ಹಿಂದಿನ ಯಂತ್ರ ಫ್ಯಾಮಿಕಾಮ್‌ಗೆ ಬಂದ ‘ಮದರ್’ನಲ್ಲಿ ಹುಡುಗ ಊರೂರು ಸುತ್ತಿ ಎಂಟು ರಾಗದ ತುಣುಕುಗಳನ್ನು ಕೂಡಿಸುತ್ತಾನೆ. ಕೊನೆಯ ಶತ್ರು ಗೀಗ್‌ನ ಎದುರು ಕತ್ತಿ, ಮಂತ್ರ ಯಾವುದೂ ನಡೆಯುವುದಿಲ್ಲ. ಆಗ ಮೆನುವಿನಲ್ಲಿ ‘ಹಾಡು’ ಎಂಬ ಆಯ್ಕೆಯನ್ನು ಒತ್ತಬೇಕು. ಶತ್ರು ತಡೆಯಲು ನೋಡುತ್ತದೆ, ಹಾಡು ನಿಲ್ಲುತ್ತದೆ, ಮತ್ತೆ ಒತ್ತಬೇಕು. ಆ ಶತ್ರುವನ್ನು ತಾಯಿಯ ಸ್ಥಾನದಲ್ಲಿ ನಿಂತು ಸಾಕಿದವಳು ಹಾಡುತ್ತಿದ್ದ ಜೋಗುಳ ಅದು ಎಂಬುದು ಕಥೆಯ ಎಳೆ. ಹಿನ್ನೆಲೆಯಲ್ಲಿದ್ದ ಸಂಗೀತ ಇಲ್ಲಿ ಆಟಗಾರರ ಕೈಯ ಆಯುಧವಾಗುತ್ತದೆ. ಕೆಇಚಿ ಸುಜುಕಿ ಮತ್ತು ಹಿರೊಕಾಜು ತನಾಕಾ ಇದರ ಸಂಗೀತಗಾರರು. ಎಂಟನೆಯ ಚಾನೆಲ್ ಅವರು ಹೇಳಿದ ಅವಧಿಯ ತೊಡಕು ಇಲ್ಲಿ ಏಳುವುದೇ ಇಲ್ಲ, ಏಕೆಂದರೆ ಹಾಡು ಮುಗಿದಾಗಲೇ ಕಾಳಗ ಮುಗಿಯುತ್ತದೆ.

1994ರ ‘ಮದರ್ 2’, ಅಂದರೆ ಅಮೆರಿಕದಲ್ಲಿ ‘ಅರ್ತ್‌ಬೌಂಡ್’ ಎಂದು ಬಂದ ಆಟ, ಇನ್ನೊಂದು ದಾರಿ ಹಿಡಿಯುತ್ತದೆ. ನೆರೆಮನೆಯ ಹುಡುಗ ಪೋಕಿ ಎದುರಾದಾಗ ಸಂಗೀತ ಹಳೆಯ ಎಂಟು ಬಿಟ್ ಆಟದ ಪೀಪಿಯಂತೆ ಶುರುವಾಗಿ, ನಡುವೆ ಏಕಾಏಕಿ ಗಿಟಾರಿನ ಹೆವಿ ಮೆಟಲ್ ಆಗುತ್ತದೆ. ನಗಬೇಕೋ ಹೆದರಬೇಕೋ ತಿಳಿಯದಿರುವಾಗಲೇ ಅವನು ಕೊನೆಯ ಶತ್ರುವನ್ನು ಹಿಡಿದಿಟ್ಟಿದ್ದ ಯಂತ್ರವನ್ನು ನಿಲ್ಲಿಸುತ್ತಾನೆ, ಆ ಶತ್ರು ಗೀಗಸ್‌ನ ನಿಜವಾದ ರೂಪ ಬಿಚ್ಚಿಕೊಳ್ಳುತ್ತದೆ, ಸಂಗೀತ ಎನ್ನಬಹುದಾದದ್ದು ಕರಗಿ ಬರಿಯ ಗೊರಗೊರ ಸದ್ದು, ಕಲಸಿದ ದನಿ ಉಳಿಯುತ್ತದೆ. ಆ ಗದ್ದಲದ ನಡುವೆ ಪೌಲಾ ಎಂಬ ಹುಡುಗಿ ಪ್ರಾರ್ಥಿಸಬೇಕು. ಒಂದೊಂದು ಪ್ರಾರ್ಥನೆಯೂ ದಾರಿಯಲ್ಲಿ ಭೇಟಿಯಾದ ಒಬ್ಬೊಬ್ಬರನ್ನು ತಲುಪುತ್ತದೆ. ಕೊನೆಯದು ಆಟವಾಡುತ್ತಿರುವ ನಮ್ಮನ್ನೇ ತಲುಪುತ್ತದೆ.

1999ರ ‘ಕ್ರೋನೊ ಕ್ರಾಸ್’ನಲ್ಲಿ ಇದೇ ಉಪಾಯ ಒಗಟಿನ ರೂಪದಲ್ಲಿ ಬರುತ್ತದೆ. ಕೊನೆಯ ಕಾಳಗದಲ್ಲಿ ಪ್ರತಿ ಬಣ್ಣದ ಮಂತ್ರಕ್ಕೂ ಒಂದು ಸ್ವರ. ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು, ಬಿಳಿ ಎಂಬ ಕ್ರಮದಲ್ಲಿ ಮಂತ್ರಗಳನ್ನು ಹಾಕಿ, ಮುಂದೆ ಆಟದ ಹೆಸರಿನದೇ ಆದ ‘ಕ್ರೋನೊ ಕ್ರಾಸ್’ ಮಂತ್ರವನ್ನು ಬಳಸಿದರೆ ಶತ್ರುವನ್ನು ಕೊಲ್ಲದೆಯೇ ಅದರೊಳಗೆ ಸಿಕ್ಕಿಕೊಂಡವಳನ್ನು ಬಿಡಿಸಬಹುದು. ತೊಂದರೆಯೇನೆಂದರೆ ನಡುವೆ ಶತ್ರುವೂ ಬಣ್ಣದ ಮಂತ್ರ ಹಾಕುತ್ತದೆ, ಸ್ವರಗಳ ಸಾಲು ಕೆಡುತ್ತದೆ, ಮತ್ತೆ ಮೊದಲಿನಿಂದ ಆರಂಭಿಸಬೇಕು. ಮಾರ್ಗದರ್ಶಿಯನ್ನು ನೋಡದೆ ಇದನ್ನು ಕಂಡುಕೊಂಡವರು ಯಾರಾದರೂ ಇಲ್ಲಿದ್ದರೆ ಅವರಿಗೆ ದೊಡ್ಡ ನಮಸ್ಕಾರ. ನನ್ನಿಂದ ಆಗಲಿಲ್ಲ.

ಹೊಸ ಪ್ಲೇಯರ್:

ನೀವೆಲ್ಲ ಹೇಳುತ್ತಿರುವ ಆಟಗಳಲ್ಲಿ ಅರ್ಧದಷ್ಟನ್ನು ನಾನು ನೋಡಿಲ್ಲ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪೋಕೆಮಾನ್ ನೋಡಿ, ಆಮೇಲೆ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ಹಳೆಯ ಆಟದ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಾಕಿಕೊಂಡು ಆಡಿದ ನಮ್ಮಂಥವರಿಗೆ ಕೊನೆಯ ಬಾಸ್ ಎಂದರೆ ಚಾಂಪಿಯನ್ ಆಗಿ ಕುಳಿತಿದ್ದ ನಮ್ಮದೇ ರೈವಲ್. ಆ ಸಂಗೀತವನ್ನು ಈ ಸಾಲಿನಲ್ಲಿ ಇಡಬಹುದೇ? ದಯವಿಟ್ಟು ಯಾರೂ ನಗಬಾರದು.

ಚೌಕದ ಅಲೆ:

ನಗುವುದೇಕೆ, ಧಾರಾಳವಾಗಿ ಇಡಬಹುದು. 1996ರ ‘ಪೋಕೆಮಾನ್ ರೆಡ್’ ಮತ್ತು ‘ಗ್ರೀನ್’ ಆಟಗಳಿಗೆ ಸಂಗೀತ ಕೊಟ್ಟವರು ಜುನಿಚಿ ಮಸುದಾ. ಗೇಮ್ ಬಾಯ್‌ನಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕು ಚಾನೆಲ್: ಎರಡು ಚೌಕದ ಅಲೆಯವು, ಒಂದು ನಾವೇ ಆಕಾರ ಕೊಡಬಹುದಾದ ಅಲೆಯದು, ಇನ್ನೊಂದು ಬರೀ ಗರಗರ ಸದ್ದಿನದು. ಆರ್ಗನ್ ಇಲ್ಲ, ಕೋರಸ್ ಇಲ್ಲ, ಡೋಲು ಕೂಡ ಇಲ್ಲ. ಹೀಗಿದ್ದಾಗ ಭಾರವನ್ನು ದನಿಯ ಗಾತ್ರದಿಂದ ತರಲು ಬರುವುದಿಲ್ಲ, ವೇಗದಿಂದ ತರಬೇಕು. ಆ ಚಾಂಪಿಯನ್ ಕಾಳಗದಲ್ಲಿ ಸ್ವರಗಳು ಉಸಿರು ಬಿಡದಂತೆ ಒಂದರ ಹಿಂದೊಂದು ಬೀಳುತ್ತಿರುತ್ತವೆ. ಎದುರಾಳಿ ಪ್ರಪಂಚ ನಾಶ ಮಾಡುವ ದೇವರಲ್ಲ, ನಮ್ಮ ಊರಿನವನೇ, ನಮಗಿಂತ ಸ್ವಲ್ಪ ಮೊದಲು ಗೆದ್ದವನು; ಅವನ ಮೇಲಿನ ಹೊಟ್ಟೆಕಿಚ್ಚಿಗೆ ಆ ಧಾವಂತ ಸರಿಯಾಗಿ ಹೊಂದುತ್ತದೆ.

ಕಡಿಮೆ ಚಾನೆಲ್‌ಗಳ ಮಾತು ಬಂದದ್ದರಿಂದ ‘ಡ್ರ್ಯಾಗನ್ ಕ್ವೆಸ್ಟ್’ ಸರಣಿಯ ಸಂಗೀತಗಾರ ಕೊಇಚಿ ಸುಗಿಯಾಮಾ ಅವರನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. 1988ರ ‘ಡ್ರ್ಯಾಗನ್ ಕ್ವೆಸ್ಟ್ 3’ರಲ್ಲಿ ಕೊನೆಯ ಶತ್ರು ಜೋಮಾನ ಎದುರು ಕೇಳಿಸುವ ಸಂಗೀತದ ಹೆಸರು ‘ವೀರನ ಸವಾಲು’ ಎಂಬ ಅರ್ಥ ಕೊಡುತ್ತದೆ. ಮೇಲೆ ಹೇಳಿದ ಹೆಚ್ಚಿನ ರಚನೆಗಳು ಶತ್ರುವಿನ ಪಕ್ಷದಲ್ಲಿ ನಿಂತು ಹಾಡಿದರೆ ಇದು ನಮ್ಮ ಪಕ್ಷದಲ್ಲಿ ನಿಂತು ಹಾಡುತ್ತದೆ. ಬೆಳಕಿನ ಗೋಳವನ್ನು ಎತ್ತಿ ಜೋಮಾನ ಕತ್ತಲಿನ ಕವಚ ಕಳಚಿ ಕಾಳಗಕ್ಕೆ ಇಳಿಯುವಾಗ ಭಯಕ್ಕಿಂತ ಹೆಚ್ಚಾಗಿ ಹುಮ್ಮಸ್ಸು ಹುಟ್ಟುತ್ತದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಪಥಸಂಚಲನ ಶುರುವಾದದ್ದು ಇದೇ ಸರಣಿಗೆ ಸುಗಿಯಾಮಾ ಬರೆದ ಆರಂಭಗೀತೆಯಿಂದ. ಮೇರಿ ಕೋಮ್ ಮತ್ತು ಮನ್‌ಪ್ರೀತ್ ಸಿಂಗ್ ಧ್ವಜ ಹಿಡಿದು ನಡೆದ ಆ ಮೆರವಣಿಗೆಯನ್ನು ನಮ್ಮಲ್ಲಿ ಅನೇಕರು ಟಿ.ವಿ.ಯಲ್ಲಿ ನೋಡಿದ್ದಾರೆ, ಉದ್ದಕ್ಕೂ ನುಡಿಯುತ್ತಿದ್ದದ್ದು ಆಟಗಳ ಸಂಗೀತ ಎಂಬುದನ್ನು ಗಮನಿಸಿದವರು ಕಡಿಮೆ.

ಕಡಲತಡಿಯ ಕೇಳುಗ:

ಯಾರ ಪಕ್ಷದ ಸಂಗೀತ ಎಂಬ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅದರ ಮುಂದುವರಿಕೆಯಾಗಿ ಎರಡು ಆಟಗಳನ್ನು ಹೆಸರಿಸುತ್ತೇನೆ.

ಒಂದು, 1994ರ ‘ಲೈವ್ ಅ ಲೈವ್’. ಇದರಲ್ಲಿ ಆದಿಮಾನವರ ಕಾಲ, ಅಮೆರಿಕದ ಕೌಬಾಯ್ ಕಾಲ, ಅಂತರಿಕ್ಷಯಾನದ ಕಾಲ ಹೀಗೆ ಬೇರೆ ಬೇರೆ ಯುಗಗಳ ಕಥೆಗಳಿವೆ. ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ಕಾಣುತ್ತದೆ. ಆದರೆ ಪ್ರತಿ ಕಥೆಯ ಕೊನೆಯ ಶತ್ರುವಿನ ಎದುರು ಒಂದೇ ಸಂಗೀತ ನುಡಿಯುತ್ತದೆ: ಯೊಕೊ ಶಿಮೊಮುರಾ ಅವರ ‘ಮೆಗಾಲೊಮೇನಿಯಾ’. ಎರಡನೆಯ ಕಥೆಯಲ್ಲಿ ಅದು ಮತ್ತೆ ಬಂದಾಗ ಹೊಸ ಸಂಗೀತ ಬರೆಯಲು ಜಾಗ ಸಾಲದೇ ಹೋಯಿತೇನೋ ಎನಿಸುತ್ತದೆ. ಮೂರನೆಯದರಲ್ಲಿ ಅನುಮಾನ ಬರುತ್ತದೆ. ಆ ಶತ್ರುಗಳ ಹೆಸರುಗಳಲ್ಲೂ ಒಂದೇ ಸದ್ದು ಅಡಗಿದೆ ಎಂಬುದು ಹೊಳೆಯುವ ಹೊತ್ತಿಗೆ, ಕಥೆ ಬಾಯಿಬಿಟ್ಟು ಹೇಳುವ ಮೊದಲೇ, ಇವರೆಲ್ಲರ ಹಿಂದೆ ಒಂದೇ ದ್ವೇಷವಿದೆ ಎಂಬುದನ್ನು ಕಿವಿ ಕಂಡುಕೊಂಡಿರುತ್ತದೆ. ಸಂಗೀತದ ಪುನರಾವರ್ತನೆಯನ್ನೇ ಕಥೆಯ ಗುಟ್ಟು ಮಾಡಿದ ಇಂಥ ಉದಾಹರಣೆ ಇನ್ನೊಂದು ನನಗೆ ಸಿಕ್ಕಿಲ್ಲ.

ಎರಡು, 2006ರ ‘ಪರ್ಸೋನಾ 3’. ಇದನ್ನು ಹಳೆಯ ಆಟ ಎನ್ನಬಹುದೇ ಎಂಬ ಜಗಳ ಇಲ್ಲಿ ಬೇಡ. ಆಟದುದ್ದಕ್ಕೂ ‘ವೆಲ್ವೆಟ್ ರೂಮ್’ ಎಂಬ ನೀಲಿ ಕೋಣೆಗೆ ಹೋದಾಗಲೆಲ್ಲ ಪಿಯಾನೊ ಮತ್ತು ಹೆಣ್ಣುದನಿಯ ನಿಧಾನ ಗಾಯನವೊಂದು ಕೇಳಿಸುತ್ತದೆ. ಆ ಕೋಣೆ ಮಾತ್ರ ಸುರಕ್ಷಿತ ಜಾಗ. ಕೊನೆಯ ಕಾಳಗದಲ್ಲಿ ಶೋಜಿ ಮೆಗುರೊ ಅದೇ ರಾಗಕ್ಕೆ ಗಿಟಾರ್, ಡ್ರಮ್ ಕಟ್ಟಿ ಓಡಿಸುತ್ತಾರೆ. ಶತ್ರು ಒಂದೊಂದೇ ಅರ್ಕಾನಾವನ್ನು (ಟ್ಯಾರೊ ಎಲೆಯ ಹೆಸರಿನ ರೂಪವನ್ನು) ಬದಲಿಸುತ್ತಾ ಹೋಗುವ ಆ ಕಾಳಗ ಬಹಳ ಉದ್ದ, ಸಂಗೀತವೂ ಸುತ್ತಿ ಸುತ್ತಿ ಬರುತ್ತದೆ. ಆದರೂ ಬೇಸರ ಬಾರದಿರುವುದಕ್ಕೆ ಆ ಹಳೆಯ ಪರಿಚಯವೇ ಕಾರಣ. ಅಲ್ಲಿಯವರೆಗೆ ನಾವು ಕೂಡಿಸಿದ ಗೆಳೆತನಗಳೆಲ್ಲ ನಮ್ಮ ಜೊತೆ ನಿಂತಿವೆ ಎಂಬುದನ್ನು ಮಾತು ಹೇಳುವುದಕ್ಕಿಂತ ಆ ರಾಗ ಚೆನ್ನಾಗಿ ಹೇಳುತ್ತದೆ.

ಮೂರು ಡಿಸ್ಕ್:

‘ಕ್ರೋನೊ ಟ್ರಿಗರ್’ ಬಗ್ಗೆ ಯಾರೂ ಬರೆಯದಿದ್ದರೆ ನಾನೇ ಎರಡು ಸಾಲು ಬರೆಯುತ್ತೇನೆ. 1995ರ ಆ ಆಟಕ್ಕೆ ಸಂಗೀತ ಬರೆಯುತ್ತಾ ಯಸುನೊರಿ ಮಿತ್ಸುದಾ ಹೊಟ್ಟೆಹುಣ್ಣಿನಿಂದ ಆಸ್ಪತ್ರೆ ಸೇರಿದರು, ಉಳಿದ ಕೆಲವು ರಚನೆಗಳನ್ನು ಉಯೆಮಾಟ್ಸು ಮುಗಿಸಿಕೊಟ್ಟರು. ಆ ಆಟದ ಕೊನೆಯ ಶತ್ರು ಲಾವೋಸ್‌ನ ಕಾಳಗದಲ್ಲಿ ನನಗೆ ಸಂಗೀತಕ್ಕಿಂತ ಹೆಚ್ಚು ನೆನಪಿರುವುದು ಅದರ ಚೀರಾಟ. ಹಾಗಾಗಿ ಅದನ್ನು ಈ ಚರ್ಚೆಯಲ್ಲಿ ಮೇಲಿನ ಸ್ಥಾನಕ್ಕೆ ಒಯ್ಯಲು ನನಗೆ ಮನಸ್ಸಿಲ್ಲ.

ಎಂಟನೆಯ ಚಾನೆಲ್:

ಕಡಲತಡಿಯ ಕೇಳುಗರು ಮೊದಲು ಕೇಳಿದ ನ್ಯಾಯದ ಪ್ರಶ್ನೆ ಹಾಗೆಯೇ ಉಳಿದಿದೆ. ಚೆನ್ನಾಗಿ ಆಡಿದವರಿಗೆ ಅರ್ಧ ಸಂಗೀತವೇ ಸಿಗುತ್ತದೆ ಎಂಬುದು ನಿಜ. ಆದರೆ ‘ಡಾನ್ಸಿಂಗ್ ಮ್ಯಾಡ್’ನ ನಾಲ್ಕನೆಯ ಭಾಗಕ್ಕೆ ಆಟದೊಳಗೆ ಮುಕ್ತಾಯ ಎಂಬುದೇ ಇಲ್ಲ. ಕೆಫ್ಕಾ ಬಿದ್ದಾಗ ಅದು ಎಲ್ಲಿತ್ತೋ ಅಲ್ಲೇ ಕಡಿದುಹೋಗುತ್ತದೆ. ಉಯೆಮಾಟ್ಸು ಮತ್ತು ಅವರ ಬಳಗದ ‘ದಿ ಬ್ಲ್ಯಾಕ್ ಮೇಜಸ್’ ತಂಡ 2003ರ ಆಲ್ಬಮ್‌ನಲ್ಲಿ ಇದನ್ನು ಪೂರ್ಣ ರಾಕ್ ರೂಪದಲ್ಲಿ ನುಡಿಸಿದಾಗ, ಹಾಗೆಯೇ ಸಂಗೀತ ಕಛೇರಿಗಳಲ್ಲಿ ಆರ್ಕೆಸ್ಟ್ರಾಗಳು ನುಡಿಸುವಾಗ, ಚಪ್ಪಾಳೆಗೆ ಅನುಕೂಲವಾಗುವಂತೆ ಒಂದು ಕೊನೆಯನ್ನು ಕಟ್ಟಲೇಬೇಕಾಗುತ್ತದೆ. ಆ ರೂಪಗಳು ಎಷ್ಟೇ ಭವ್ಯವಾಗಿದ್ದರೂ ನನಗೆ ಮೂಲವೇ ಹೆಚ್ಚು ಸರಿ ಎನಿಸುವುದು ಇದರಿಂದಲೇ: ಸಂಗೀತವನ್ನು ನಿಲ್ಲಿಸಿದವರು ನಾವು ಎಂಬುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಬೇಗ ಗೆದ್ದವರಿಗೆ ಬೇಗ ನಿಲ್ಲಿಸುವ ಅಧಿಕಾರ ಸಿಗುತ್ತದೆ. ಉಳಿದರ್ಧವನ್ನು ಅವರು ಡಿಸ್ಕಿನಲ್ಲಿ ಕೇಳಿಕೊಳ್ಳಲಿ.

ಹೊಸ ಪ್ಲೇಯರ್ ಅವರಿಗೆ ಒಂದು ಸಲಹೆ. ಎಮ್ಯುಲೇಟರ್ ಹುಡುಕುವ ಅಗತ್ಯ ಈಗಿಲ್ಲ. ‘ಫೈನಲ್ ಫ್ಯಾಂಟಸಿ 6’ರ ಪಿಕ್ಸೆಲ್ ರೀಮಾಸ್ಟರ್ ಎಂಬ ಪರಿಷ್ಕೃತ ಆವೃತ್ತಿ 2022ರಲ್ಲಿ ಕಂಪ್ಯೂಟರಿಗೂ ಮೊಬೈಲಿಗೂ ಬಂದಿದೆ. 2023ರಲ್ಲಿ ಬಂದ ಕನ್ಸೋಲ್ ಆವೃತ್ತಿಯಲ್ಲಿ ಹೊಸ ವಾದ್ಯಸಂಯೋಜನೆ ಮತ್ತು ಮೂಲ ಸಂಗೀತ ಇವುಗಳ ನಡುವೆ ಬದಲಾಯಿಸಿಕೊಳ್ಳುವ ಸೌಲಭ್ಯವೂ ಇದೆ. ‘ಲೈವ್ ಅ ಲೈವ್’ ಕೂಡ ಅಷ್ಟು ವರ್ಷಗಳ ಕಾಲ ಜಪಾನಿನಲ್ಲೇ ಉಳಿದಿದ್ದು, 2022ರ ಮರುನಿರ್ಮಾಣದಿಂದ ಇಂಗ್ಲಿಷಿನಲ್ಲಿ ಸಿಗುವಂತಾಯಿತು. ಕೆಫ್ಕಾನ ಗೋಪುರಕ್ಕೆ ಹೊರಡುವ ಮೊದಲು ಸೇವ್ ಮಾಡಿ, ಮೊದಲ ಸಲ ಮೂಲ ಸಂಗೀತ ಇಟ್ಟುಕೊಂಡು ಹೋಗಿ. ಮೂರನೆಯ ಅಂತಸ್ತಿನಲ್ಲಿ ಅವಸರದಿಂದ ಹೊಡೆಯಬೇಡಿ. ಆ ಆರ್ಗನ್ ಒಂದು ಸುತ್ತು ಪೂರ್ತಿಯಾಗಲಿ.